ಸುಬ್ಬನ ಮೇಲಿನ ಆರೋಪ



ಸ್ವಂತ ಅನುಭವದಿಂದ ಬಂದ ವಿಷಯವೊಂದನ್ನು ಕುರಿತು ಮಾತನಾಡಬೇಕೆಂದು ಬಾನುಲಿ ನಿಲಯದ ಮಿತ್ರರು ಕೇಳಿದಾಗ ನಾನು ತುಸು ಕಕ್ಕಾಬಿಕ್ಕಿಯಾದೆ. 33 ವರ್ಷ ಹಳಗನ್ನಡ ವ್ಯಾಕರಣವನ್ನು ಬೋಧಿಸಿದವನು ನಾನು. ಆ ಕಾಲದ ಅನುಭವವೆಲ್ಲ ವಿದ್ಯಾರ್ಥಿಗಳ ಪಾಲಿನದು. ಅದನ್ನು ಹೇಳಬೇಕಾದವರು ಅವರೇ. ನನ್ನದೇ ಆದ ಅನುಭವ ಯಾವುದು ಎಂದು ಎರಡು ದಿನ ಯೋಚಿಸಿ, ಕೊನೆಗೆ ದೂರವಾಣಿ ಮಾಡಿ ಹೇಳಿದೆ: "ಬೆಕ್ಕು ತನಗಾಗಿ ಇಟ್ಟ ಮರಳಿನ ತಟ್ಟೆಯನ್ನು ಬಿಟ್ಟು ಮನೆಯ ಬೇರೆಲ್ಲೆಲ್ಲೋ ಉಚ್ಚೆ ಹೊಯ್ಯುವುದರ ಬಗ್ಗೆ ಮಾತನಾಡುತ್ತೇನೆ." ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ತಾವು ಹಾಸ್ಯ ಭಾಷಣ ಮಾಡುತ್ತೀರೆಂದು ತಿಳಿಯೋಣವೆ?" ಎಂದರು. ಹಾಗೆಯೇ ತಿಳಿಯಿರಿ ಎಂದೆ. ಅದು ಪೂರ್ತಿ ಹಾಸ್ಯವಲ್ಲ ಎಂಬುದನ್ನು ಈಗ, ಧ್ವನಿವರ್ಧಕದ ಮುಂದೆ ಕುಳಿತ ಮೇಲೆ, ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾವು ಮೊದಲು ಇದ್ದದ್ದು ಮೈಸೂರಿನ ಒಂದು ಹಳೆಯ ಬೀದಿಯಲ್ಲಿ, ನಾಡಹೆಂಚಿನ ಮನೆಯಲ್ಲಿ. ಹಿಂದೆ ಹಿತ್ತಲು, ಹಿತ್ತಲಲ್ಲಿ ಒಗೆಯುವ ಕಲ್ಲು, ಒಂದು ನುಗ್ಗೆಯ ಮರ, ಅಮ್ಮ ಬೆಳೆಸಿದ ಕನಕಾಂಬರದ ಪಾತಿ, ಬಚ್ಚಲ ಒಲೆಯ ಬೂದಿಯನ್ನು ಸುರಿಯುವ ಒಂದು ಮೂಲೆ. ಸುಬ್ಬ ಹುಟ್ಟಿದ್ದು ಪಕ್ಕದ ಮನೆಯ ಅಟ್ಟದ ಮೇಲೆ. ಬೆಳೆದದ್ದು ಅಮ್ಮನ ಮಡಿಲಲ್ಲಿ. ಬೂದುಬಣ್ಣದ ಮೈಯ ಮೇಲೆ ಕಪ್ಪು ಪಟ್ಟೆಗಳಿರುವ ಸಾಧಾರಣ ನಾಡುಬೆಕ್ಕು. ಗಂಡಾದರೂ, ಪಕ್ಕದ ಮನೆಯ ಹುಡುಗಿಯ ಒತ್ತಾಯದಿಂದ ಚಿಕ್ಕಂದಿನಲ್ಲೇ ಶಸ್ತ್ರಚಿಕಿತ್ಸೆಯಾಗಿ ಸಂನ್ಯಾಸ ಸ್ವೀಕರಿಸಿದ್ದ. ಅವನು ಎಲ್ಲಿ ಒಂದಕ್ಕೆ ಹೋಗುತ್ತಾನೆ ಎಂಬ ಪ್ರಶ್ನೆ ಆರು ವರ್ಷಗಳ ಕಾಲ ನಮ್ಮಲ್ಲಿ ಯಾರ ಮನಸ್ಸಿಗೂ ಬಂದಿರಲಿಲ್ಲ. ಬೂದಿಯ ಮೂಲೆ ಇತ್ತು, ಪಾತಿಯ ಸಡಿಲ ಮಣ್ಣಿತ್ತು. ಗುಳಿ ತೋಡುವುದು, ಕುಳಿತುಕೊಳ್ಳುವುದು, ಮುಂಗಾಲಿನಿಂದ ಮಣ್ಣೆಳೆದು ಮುಚ್ಚುವುದು, ಮೂಸಿ ನೋಡಿ ಹೊರಡುವುದು. ಇಷ್ಟು ಅಚ್ಚುಕಟ್ಟು ನಮ್ಮ ಬೀದಿಯ ಸಭ್ಯ ಗೃಹಸ್ಥರಲ್ಲೂ ಇರಲಿಲ್ಲ.

ಈ ಅಚ್ಚುಕಟ್ಟು ನಾವು ಕಲಿಸಿದ್ದಲ್ಲ. ಮನೆಬೆಕ್ಕಿನ ಪೂರ್ವಿಕ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನೆಲದ ಕಾಡುಬೆಕ್ಕು. ನೀರು ದುರ್ಲಭವಾದ ನಾಡಿನಲ್ಲಿ ಬದುಕಿದ ಪ್ರಾಣಿಯಾದ್ದರಿಂದ ಅದರ ಮೂತ್ರಪಿಂಡ ಪ್ರತಿಯೊಂದು ಹನಿಯನ್ನೂ ಜಿಪುಣನಂತೆ ಹಿಡಿದಿಟ್ಟುಕೊಂಡು, ಅತ್ಯಂತ ಗಾಢವಾದ ಮೂತ್ರವನ್ನು ಹೊರಗೆ ಬಿಡುತ್ತದೆ. ಸಡಿಲವಾದ ಮರಳು ಸಿಕ್ಕಿದಲ್ಲಿ ತೋಡಿ ಮುಚ್ಚುವುದೂ ಆ ವಂಶದ ನಡವಳಿಕೆಯೇ. ಮನುಷ್ಯನೊಡನೆ ಅದರ ಒಡನಾಟ ಇಂದಿನದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಯ ಪಕ್ಕದಲ್ಲೇ ಬೆಕ್ಕಿನ ಅಸ್ಥಿ ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಇಷ್ಟು ದೀರ್ಘ ಕಾಲ ಜೊತೆಗಿದ್ದರೂ, ಈ ಒಂದು ಕೆಲಸಕ್ಕೆ ಮಾತ್ರ ಅದು ಹೊರಗೆ ಹೋಗಿ ಬರುತ್ತಿತ್ತು. ಮನೆಯೊಳಗೇ ಅದಕ್ಕೊಂದು ವ್ಯವಸ್ಥೆಯಾದದ್ದು ಬಹಳ ಈಚೆಗೆ. ಅಮೆರಿಕದ ಮಿಶಿಗನ್ ಪ್ರಾಂತ್ಯದಲ್ಲಿ, 1947ರ ಚಳಿಗಾಲದಲ್ಲಿ, ನೆರೆಯಾಕೆಯೊಬ್ಬಳು ಎಡ್ವರ್ಡ್ ಲೋ ಎಂಬಾತನ ಬಳಿ ಬೆಕ್ಕಿಗಾಗಿ ಮರಳು ಕೇಳಲು ಬಂದಳಂತೆ. ಅಲ್ಲಿಯವರೆಗೆ ಆಕೆ ಒಲೆಯ ಬೂದಿಯನ್ನು ಬಳಸುತ್ತಿದ್ದಳು. ಮನೆಯ ತುಂಬ ಬೂದಿಯ ಹೆಜ್ಜೆಗಳು. ಲೋ ತನ್ನಲ್ಲಿದ್ದ, ಹೀರುವ ಗುಣದ ಒಣ ಜೇಡಿಯ ಹರಳುಗಳನ್ನು ಕೊಟ್ಟು ಕಳಿಸಿದ. ಒಂದು ದೊಡ್ಡ ಉದ್ಯಮವೇ ಅಲ್ಲಿಂದ ಹುಟ್ಟಿತು. ನಮ್ಮ ಬಚ್ಚಲ ಬೂದಿಗೂ ಮಿಶಿಗನ್ನಿನ ಒಲೆಯ ಬೂದಿಗೂ ಇರುವ ಈ ಸಂಬಂಧ ತಿಳಿದಾಗ ನನಗೆ ವಿಚಿತ್ರವಾದ ಸಂತೋಷವಾಯಿತು.

ಇರಲಿ. 2017ರಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯಾಗಿ ಹಳೆಯ ಮನೆ ಮಾರಾಟವಾಯಿತು. ನಾನು, ನನ್ನ ಮನೆಯಾಕೆ, 82 ವರ್ಷದ ಅಮ್ಮ ಮತ್ತು ಸುಬ್ಬ, ನಾಲ್ವರೂ ಹೊಸ ಬಡಾವಣೆಯೊಂದರ ಎರಡನೆಯ ಅಂತಸ್ತಿನ ಫ್ಲ್ಯಾಟಿಗೆ ಬಂದೆವು. ಎರಡು ಮಲಗುವ ಕೋಣೆ. ಒಂದಕ್ಕೆ ತನ್ನದೇ ಬಚ್ಚಲುಮನೆ ಉಂಟು; ಇನ್ನೊಂದಕ್ಕೆ ಇಲ್ಲ. ತನ್ನದೇ ಬಚ್ಚಲು ಇದ್ದ ಕೋಣೆ ದೊಡ್ಡದಾಗಿದ್ದುದರಿಂದ, ನನ್ನ ಪುಸ್ತಕದ ಬೀರುಗಳು ಅಲ್ಲಿ ಹಿಡಿಸುತ್ತಿದ್ದುದರಿಂದ, ಅದನ್ನು ನಾವಿಬ್ಬರೂ ಇಟ್ಟುಕೊಂಡೆವು. ಅಮ್ಮನಿಗೆ ಚಿಕ್ಕ ಕೋಣೆ. ಅಲ್ಲಿಂದ ಬಚ್ಚಲಿಗೆ ಹೋಗಬೇಕಾದರೆ ಊಟದ ಮೇಜನ್ನು ಬಳಸಿ, ನಡುಮನೆ ದಾಟಿ, ಒಂದು ಇಕ್ಕಟ್ಟಾದ ಓಣಿಯಲ್ಲಿ ಹೋಗಬೇಕು. ಸುಬ್ಬನಿಗೆ, ಪೇಟೆಯಲ್ಲಿ ಲಿಟ್ಟರ್ ಬಾಕ್ಸ್ ಎಂದು ಮಾರುವ, ಮೇಲೆ ಮುಚ್ಚಳವೂ ಮುಂದೆ ಚಿಕ್ಕ ಬಾಗಿಲೂ ಇರುವ ನೀಲಿ ಬಣ್ಣದ ಡಬ್ಬವೊಂದನ್ನು ತಂದೆವು. ಅದರೊಳಗೆ ಗುಲಾಬಿಯ ಪರಿಮಳದ ಮರಳು. ಅದನ್ನು ಇಟ್ಟದ್ದು ಅಡಿಗೆಮನೆಯ ಹಿಂದಿನ ಕಿರುಜಗಲಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ನಮ್ಮ ಕಣ್ಣಿಗೂ ಮೂಗಿಗೂ ದೂರವಾಗಿರಲಿ ಎಂಬುದಷ್ಟೇ ಆ ಸ್ಥಳನಿರ್ಣಯದ ಹಿಂದಿದ್ದ ಶಾಸ್ತ್ರ.

ಮೂರು ವಾರ ಎಲ್ಲ ಸರಿಯಾಗಿತ್ತು. ನಾಲ್ಕನೆಯ ವಾರ ಬಚ್ಚಲ ಬಾಗಿಲಿನ ಕಾಲೊರಸು ಒದ್ದೆಯಾಯಿತು. ಮಾರನೆಯ ದಿನ ಹಳೆಯ ಪತ್ರಿಕೆಗಳ ಕಟ್ಟು. ನಾಲ್ಕು ದಿನ ಬಿಟ್ಟು ಮತ್ತೆ ಕಾಲೊರಸು. ಬೆಕ್ಕಿನ ಮೂತ್ರದ ವಾಸನೆಯನ್ನು ಬಲ್ಲವರಿಗೆ ನಾನು ವರ್ಣಿಸಬೇಕಾಗಿಲ್ಲ. ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಫೆಲಿನೈನ್ ಎಂಬ, ಗಂಧಕದ ಅಂಶವುಳ್ಳ ಒಂದು ಅಮೈನೋ ಆಮ್ಲ ಆ ಮೂತ್ರದಲ್ಲಿದೆ. ಅದು ಹೊರಬಂದಾಗ ಅಷ್ಟಾಗಿ ನಾರುವುದಿಲ್ಲ. ಹೊತ್ತು ಕಳೆದಂತೆ ಒಡೆದು ತನ್ನ ಪ್ರತಾಪವನ್ನು ತೋರಿಸುತ್ತದೆ. ಅದು ತಯಾರಾಗುವುದರಲ್ಲಿ ಕಾಕ್ಸಿನ್ ಎಂಬ ಪ್ರೋಟೀನಿನ ಕೈವಾಡವಿದೆಯೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯಾಗದ ಗಂಡುಬೆಕ್ಕಿನಲ್ಲಿ ಇದು ಬಹಳ ಹೆಚ್ಚು, ಸುಬ್ಬನಂಥವರಲ್ಲಿ ಕಡಿಮೆ. ಕಡಿಮೆ ಎಂಬುದು ವಿಜ್ಞಾನದ ಮಾತು. ನಮ್ಮ ನಡುಮನೆಗೆ ಅದೇ ಧಾರಾಳವಾಗಿತ್ತು.

ನಾನು ಚಿಕಿತ್ಸೆಗೆ ತೊಡಗಿದೆ. ಮೊದಲನೆಯದು, ಸುಬ್ಬನನ್ನು ಹಿಡಿದು ತಂದು ಅವನ ಮೂಗನ್ನು ಒದ್ದೆಯಾದ ಜಾಗಕ್ಕೆ ಒತ್ತಿ ಗದರಿಸುವುದು. ಇದು ನನ್ನ ಬಾಲ್ಯದಲ್ಲಿ ಹಿರಿಯರು ಮಾಡುತ್ತಿದ್ದ ಉಪಾಯ. ಪರಿಣಾಮ, ನಾನು ಕೋಣೆಗೆ ಬಂದರೆ ಸುಬ್ಬ ಸೋಫಾದ ಕೆಳಗೆ ಹೋಗುವಂತಾಯಿತು, ಒದ್ದೆ ನಿಲ್ಲಲಿಲ್ಲ. ಎರಡನೆಯದು ಫಿನಾಯಿಲ್. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬೆಳ್ಳಗೆ ಹಾಲಿನಂತೆ ಕದಡಿದ ಫಿನಾಯಿಲ್ ನೀರಿನಲ್ಲಿ ನೆಲ ಒರೆಸುವುದು, ಡಬ್ಬವನ್ನೂ ಅದರಲ್ಲೇ ತೊಳೆಯುವುದು. ಒರೆಸುತ್ತಿದ್ದವಳು ನನ್ನ ಮನೆಯಾಕೆ. ಆಜ್ಞೆ ಮಾತ್ರ ನನ್ನದು. ಮೂರನೆಯದು, ರಾತ್ರಿ ಹೊತ್ತು ಸುಬ್ಬನನ್ನು ಕಿರುಜಗಲಿಯಲ್ಲಿ ಕೂಡಿಹಾಕುವುದು. ಅವನು ಬೆಳಗಿನ ಜಾವದವರೆಗೂ ಕೂಗಿದ. ಮೇಲಿನ ಅಂತಸ್ತಿನವರು ಬಂದು ವಿನಯದಿಂದ ವಿಚಾರಿಸಿದರು.

ಇಷ್ಟರಲ್ಲಿ ಅಮ್ಮನ ಹಾಸಿಗೆ ಒದ್ದೆಯಾಗತೊಡಗಿತು. ಮೊದಲ ಸಲ ಬೆಳಿಗ್ಗೆ ನಾನೇ ನೋಡಿದೆ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಹೊದಿಕೆಯನ್ನು ಮಡಿಸಲೆಂದು ಎತ್ತಿದರೆ ಹಾಸಿಗೆಯ ನಡುವೆ ಒಂದು ದೊಡ್ಡ ಮಚ್ಚೆ. ಕಾಲ್ದೆಸೆಯಲ್ಲಿ ಸುಬ್ಬ ಸುರುಳಿ ಸುತ್ತಿ ಮಲಗಿದ್ದ. ಸಾಕ್ಷ್ಯಕ್ಕೆ ಇದಕ್ಕಿಂತ ಇನ್ನೇನು ಬೇಕು? "ಮುದುಕಿಯ ಹಾಸಿಗೆಯನ್ನೂ ಬಿಡಲಿಲ್ಲವಲ್ಲೋ ನೀನು" ಎಂದು ಕೂಗಾಡಿದೆ. ಅಮ್ಮ ಸ್ನಾನ ಮುಗಿಸಿ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ. ಮುಂದಿನ ಎರಡು ವಾರಗಳಲ್ಲಿ ಮೂರು ಸಲ ಹಾಗಾಯಿತು. ಹತ್ತಿಯ ಹಾಸಿಗೆಯನ್ನು ತಾರಸಿಗೆ ಹೊತ್ತು ಒಣಗಿಸಿ ತರುವ ಕೆಲಸ ನನ್ನ ಪಾಲಿಗೆ ಬಂದಾಗ ನನ್ನ ತಾಳ್ಮೆ ಮುಗಿಯಿತು.

ಬೆಕ್ಕು ಸಾಕಾದವರು ಏನು ಮಾಡುತ್ತಾರೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೋಣಿಚೀಲ, ಒಂದು ಹುರಿ, ಹೊಳೆಯಾಚೆ. ದಾರಿ ಗುರುತು ಸಿಕ್ಕದಿರಲೆಂದು ಚೀಲವನ್ನು ಎರಡು ಸುತ್ತು ತಿರುಗಿಸಿ ಬಾಯಿ ಬಿಚ್ಚುವುದು. ನಾನು ಅಷ್ಟು ಕ್ರೂರಿಯಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಹೊಳೆಯಾಚೆ ಬೇಡ, ತರಕಾರಿ ಮಾರುಕಟ್ಟೆಯ ಹಿಂಭಾಗಕ್ಕೆ ಬಿಟ್ಟರೆ ಇಲಿಗಳಿಗೇನೂ ಕೊರತೆಯಿಲ್ಲ, ಬದುಕಿಕೊಳ್ಳುತ್ತಾನೆ. ಶನಿವಾರ ರಾತ್ರಿ ಊಟದ ವೇಳೆ ತೀರ್ಪನ್ನು ಪ್ರಕಟಿಸಿದೆ. "ಇನ್ನೊಂದು ವಾರ ನೋಡೋಣ ಬಿಡೀಂದ್ರೆ" ಎಂದಳು ಮನೆಯಾಕೆ. ಏಕೆ ನೋಡಬೇಕು ಎಂದು ನಾನು ಕೇಳಲಿಲ್ಲ. ಅಮ್ಮ ಮಜ್ಜಿಗೆಯನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು, ಮತ್ತೆ ಕಲಸಿದಳು.

ರಾತ್ರಿ ಹತ್ತು ಗಂಟೆಗೆ ಅಮ್ಮ ನನ್ನನ್ನು ಕೋಣೆಗೆ ಕರೆದಳು. ದೀಪ ಹಾಕಬೇಡ ಎಂದಳು. ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಳು.

"ನಾಳೆ ಅದನ್ನ ಬಿಟ್ಟು ಬರ್ತೀಯಂತಲ್ಲ."

"ಹೌದಮ್ಮ. ಇನ್ನೇನು ಮಾಡಲಿ?"

"ಕಾಲೊರಸು ಅದು ಮಾಡಿದ್ದೇ. ಪೇಪರೂ ಅದೇ ಇರಬಹುದು. ಹಾಸಿಗೇದು ಅದಲ್ಲ ಕಣೋ."

ನಾನು ಸುಮ್ಮನೆ ನಿಂತಿದ್ದೆ.

"ಅದು ನಾನು" ಎಂದಳು ಅಮ್ಮ. "ಎಚ್ಚರವಾಗತ್ತೆ. ಎದ್ದು ಅಷ್ಟು ದೂರ ಹೋಗೋ ಹೊತ್ತಿಗೆ ತಡೆಯಕ್ಕಾಗಲ್ಲ. ಒಂದು ಸಲ ಕತ್ತಲೇಲಿ ಮೇಜು ಎಡವಿದೆ. ಆಮೇಲೆ ಏಳಕ್ಕೇ ಹೆದರಿಕೆ. ನೀನು ಬೆಕ್ಕು ಅಂದುಬಿಟ್ಟೆ. ನಾನು ಸುಮ್ಮನಾದೆ. ಬೆಕ್ಕಿಗೇನು, ಬೈದರೆ ಬೈಸಿಕೊಳ್ಳತ್ತೆ ಅಂತ. ಬಿಟ್ಟು ಬರ್ತೀಯ ಅಂತ ಗೊತ್ತಿರಲಿಲ್ಲ."

ಆ ಕತ್ತಲೆಯಲ್ಲಿ ನಾನೇನು ಹೇಳಿದೆನೋ ನನಗೆ ನೆನಪಿಲ್ಲ. ಹೇಳಬೇಕಾದದ್ದನ್ನು ಹೇಳಲಿಲ್ಲವೆಂಬುದು ಮಾತ್ರ ನೆನಪಿದೆ. ನನ್ನನ್ನು ಎತ್ತಿ ಬೆಳೆಸಿ, ನನ್ನ ಒದ್ದೆಬಟ್ಟೆಗಳನ್ನು ಎಷ್ಟೋ ಸಾವಿರ ಸಲ ಬದಲಾಯಿಸಿದವಳು, ತನ್ನ ಒಂದು ಒದ್ದೆಬಟ್ಟೆಯ ವಿಷಯವನ್ನು ನನಗೆ ಹೇಳುವುದಕ್ಕೆ ಬೆಕ್ಕಿನ ಪ್ರಾಣಕ್ಕೆ ಸಂಚಕಾರ ಬರುವವರೆಗೆ ಕಾಯಬೇಕಾಯಿತು. ಹಾಗೆ ಕಾಯುವಂತೆ ಮಾಡಿದವನು ನಾನೇ. ಬೆಕ್ಕಿಗೆ ನಾನು ಮಾಡುತ್ತಿದ್ದ ಉಪಚಾರವನ್ನು ಆಕೆ ದಿನವೂ ಕಣ್ಣಾರೆ ನೋಡುತ್ತಿದ್ದಳಲ್ಲ!

ಕೋಣೆಗೆ ಹಿಂದಿರುಗಿ ಮನೆಯಾಕೆಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ನನಗೆ ಮೊದಲನೇ ದಿನವೇ ಗೊತ್ತು. ಒಗೆಯೋಳಿಗೆ ಬೆಕ್ಕಿನದು ಯಾವುದು, ಮನುಷ್ಯರದು ಯಾವುದು ಅಂತ ತಿಳಿಯಲ್ವೆ? ಅತ್ತೆ ತಾವಾಗೇ ಹೇಳಲಿ ಅಂತ ಸುಮ್ಮನಿದ್ದೆ."

"ನಾಳೆ ನಾನು ಸುಬ್ಬನನ್ನು ಬಿಟ್ಟುಬಂದುಬಿಟ್ಟಿದ್ದರೆ?"

"ಅದನ್ನ ಚೀಲಕ್ಕೆ ಹಾಕೋರು ಯಾರು? ನಾನು ತಾನೆ. ಹಾಕ್ತಿರಲಿಲ್ಲ."

ಹೀಗೆ, ನಾಲ್ವರಿದ್ದ ಮನೆಯಲ್ಲಿ ಮೂವರಿಗೆ ಸತ್ಯ ಗೊತ್ತಿತ್ತು. ಗೊತ್ತಿಲ್ಲದವನು ನ್ಯಾಯಾಧೀಶನ ಪೀಠದಲ್ಲಿ ಕುಳಿತಿದ್ದ.

ಸೋಮವಾರ ಬೆಳಿಗ್ಗೆ ಅಮ್ಮನನ್ನು ವೈದ್ಯರಲ್ಲಿಗೂ, ಸಂಜೆ ಸುಬ್ಬನನ್ನು ಪಶುವೈದ್ಯೆಯಲ್ಲಿಗೂ ಕರೆದೊಯ್ದೆ. ಸುಬ್ಬನ ಸಂಗತಿಯನ್ನು ಮೊದಲು ಹೇಳುತ್ತೇನೆ.

ಆ ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಕ್ಕನ್ನು ಮುಟ್ಟುವುದಕ್ಕೆ ಮೊದಲು ನನ್ನನ್ನು ಪ್ರಶ್ನಿಸಿದರು. ಗೋಡೆಗೆ ಬಾಲವೆತ್ತಿ ನಿಂತು ಚಿಮುಕಿಸುತ್ತದೆಯೋ, ನೆಲದ ಮೇಲೆ ಕುಳಿತು ಹೊಯ್ಯುತ್ತದೆಯೋ? ನಿಂತು ಚಿಮುಕಿಸುವುದು ಮೂತ್ರ ವಿಸರ್ಜನೆಯಲ್ಲ, ಅದು ಎಲ್ಲೆಯ ಗುರುತು; ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಹತ್ತರಲ್ಲಿ ಒಂಬತ್ತು ಅದನ್ನು ಬಿಡುತ್ತವೆ. ಕುಳಿತು ಹೊಯ್ಯುವುದೇ ಬೇರೆ, ಅದರ ಕಾರಣವೇ ಬೇರೆ. ಒಂದೇ ಸಲಕ್ಕೆ ಹೆಚ್ಚೋ, ಸ್ವಲ್ಪ ಸ್ವಲ್ಪವಾಗಿ ಹಲವು ಸಲವೋ? ಕುಳಿತಾಗ ಕೂಗುತ್ತದೆಯೋ? ನೀರು ಮೊದಲಿಗಿಂತ ಹೆಚ್ಚು ಕುಡಿಯುತ್ತದೆಯೋ? ಕೊನೆಗೆ, "ಈಚೆಗೆ ಮನೆಯಲ್ಲಿ ಏನಾದರೂ ಬದಲಾಗಿದೆಯೆ?" ಎಂದು ಕೇಳಿದರು. ಮನೆಯೇ ಬದಲಾಗಿದೆ ಎಂದೆ.

ಪರೀಕ್ಷೆಯಲ್ಲಿ ಕಲ್ಲಿರಲಿಲ್ಲ, ರೋಗಾಣುಗಳಿರಲಿಲ್ಲ. ಮೂತ್ರದಲ್ಲಿ ಸ್ವಲ್ಪ ರಕ್ತವಿತ್ತು. ಮೂತ್ರಕೋಶ ಉರಿಗೊಂಡಿದೆ, ಕಾರಣ ಇಂಥದೇ ಎಂದು ಬೆರಳಿಟ್ಟು ತೋರಿಸಲಾಗದು ಎಂದರು. ಹರೆಯದ ಹಾಗೂ ನಡುಪ್ರಾಯದ ಬೆಕ್ಕುಗಳಲ್ಲಿ ಕಾಣುವ ಮೂತ್ರದ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಜಾತಿಯವು. ಅಮೆರಿಕದ ಓಹಿಯೋ ಪ್ರಾಂತ್ಯದ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯರು ಈ ರೋಗವನ್ನು ಬಹುಕಾಲ ಅಭ್ಯಾಸ ಮಾಡಿ, ಇದು ಮೂತ್ರಕೋಶದಲ್ಲಿ ಕಾಣಿಸಿಕೊಂಡರೂ ಮೂತ್ರಕೋಶದ್ದಷ್ಟೇ ಅಲ್ಲವೆಂದು ತಿಳಿಸಿದ್ದಾರೆ. ಬೆಕ್ಕಿನ ಮನಸ್ಸಿಗೆ ಒತ್ತಡವಾದಾಗ ಅದು ಉಲ್ಬಣಿಸುತ್ತದೆ. ಮನೆಯ ಪರಿಸರವನ್ನು ಸರಿಪಡಿಸಿದರೆ ಬಹುಪಾಲು ಶಮನವಾಗುತ್ತದೆ. ಅವರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಬರಹದ ಸಾರಾಂಶ ಇದು.

"ಆದರೆ ಅದು ತಟ್ಟೆಯನ್ನೇ ಏಕೆ ಬಿಡಬೇಕು?" ಎಂದು ಕೇಳಿದೆ. ಆಕೆ ನಕ್ಕು, "ಸಾರ್, ನಿಮಗೆ ತೆನಾಲಿ ರಾಮಕೃಷ್ಣನ ಬೆಕ್ಕು ಗೊತ್ತಲ್ಲ?" ಎಂದರು. ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲು ಕಂಡರೇ ಓಡುತ್ತಿತ್ತು. ಸುಬ್ಬನಿಗೆ ಉರಿಯಾದದ್ದು ಆ ಡಬ್ಬದೊಳಗೆ ಕುಳಿತಾಗ. ಉರಿ ತನ್ನ ಒಡಲಿನದೆಂದು ಅದಕ್ಕೆ ತಿಳಿಯುವುದು ಹೇಗೆ? ಡಬ್ಬವೇ ಕಚ್ಚಿತೆಂದು ತಿಳಿಯಿತು. ಕಚ್ಚದ ಜಾಗವನ್ನು ಹುಡುಕಿಕೊಂಡು ಹೋಯಿತು. ಮೆತ್ತಗಿನ ಕಾಲೊರಸು ಸಿಕ್ಕಿತು. ನೂರಾರು ಮಕ್ಕಳಿಗೆ ಆ ಕಥೆಯನ್ನು ಹೇಳಿದ್ದ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ನಮ್ಮ ವ್ಯವಸ್ಥೆಯ ವಿಮರ್ಶೆಯಾಯಿತು. ಮುಚ್ಚಳದ ಡಬ್ಬದಲ್ಲಿ ವಾಸನೆ ನಮ್ಮ ಪಾಲಿಗೆ ಕಡಿಮೆ, ಬೆಕ್ಕಿನ ಪಾಲಿಗೆ ಇಮ್ಮಡಿ. ಗುಲಾಬಿಯ ಪರಿಮಳ ನಮಗಾಗಿ ಹಾಕಿದ್ದೇ ಹೊರತು ಅದಕ್ಕಾಗಿ ಅಲ್ಲ. ಒಗೆಯುವ ಯಂತ್ರ ಬಟ್ಟೆ ಹಿಂಡುವಾಗ ಗಡಗಡನೆ ನಡುಗುವ ನೆಲದ ಮೇಲೆ ಯಾವ ಪ್ರಾಣಿ ನಿಶ್ಚಿಂತೆಯಿಂದ ಕುಳಿತೀತು? ತೆರೆದ ತಟ್ಟೆ ಇರಬೇಕು. ಅದರ ಉದ್ದ ಬೆಕ್ಕಿನ ಉದ್ದದ ಒಂದೂವರೆಯಷ್ಟಿರಬೇಕು. ಮರಳು ನುಣ್ಣಗೆ, ವಾಸನೆಯಿಲ್ಲದ್ದಾಗಿ, ಎರಡು ಮೂರು ಬೆರಳು ಆಳವಿರಬೇಕು. ದಿನಕ್ಕೆ ಎರಡು ಸಲ ಗಟ್ಟಿಗಳನ್ನು ತೆಗೆಯಬೇಕು. ಅನ್ನ ನೀರಿನ ಬಟ್ಟಲು ಹತ್ತಿರವಿರಬಾರದು. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ತಟ್ಟೆ ಹೆಚ್ಚಿರಬೇಕು. ಒಂದು ಬೆಕ್ಕಿಗೆ ಎರಡು ತಟ್ಟೆಯೆ ಎಂದೆ. "ಒಂದು ಕೆಟ್ಟ ನೆನಪಿನದಾದರೆ ಇನ್ನೊಂದಿರಲಿ" ಎಂದರು. ನೀರು ಹೆಚ್ಚಾಗಿ ಹೊಟ್ಟೆಗೆ ಹೋಗುವಂತೆ, ಒಣ ಆಹಾರದ ಬದಲು ತೇವದ ಆಹಾರ ಕೊಡಿ ಎಂದರು. ಮೂಗು ಒತ್ತುವ ವಿಷಯ ಹೇಳಿದಾಗ ಅವರ ಮುಖ ಗಂಭೀರವಾಯಿತು. ಆಗಿಹೋದ ತಪ್ಪಿಗೂ ಈಗಿನ ಶಿಕ್ಷೆಗೂ ಬೆಕ್ಕು ಸಂಬಂಧ ಕಲ್ಪಿಸಲಾರದು. ಅದು ಕಲಿಯುವುದು ಒಂದೇ, ಈ ಮನುಷ್ಯ ಅಪಾಯಕಾರಿ ಎಂದು. ಆ ಭಯವೇ ಒತ್ತಡವಾಗಿ ರೋಗವನ್ನು ಹೆಚ್ಚಿಸುತ್ತದೆ.

ಫಿನಾಯಿಲ್ ಎಂದೊಡನೆ ಆಕೆ ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟರು. ಇದನ್ನು ನೀವು ಗಮನವಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ, ಏಕೆಂದರೆ ಫಿನಾಯಿಲ್ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಫೀನಾಲ್ ವರ್ಗದ ವಸ್ತುಗಳನ್ನು ಕರಗಿಸಿ ಹೊರಹಾಕುವುದಕ್ಕೆ ಬೇಕಾದ ಒಂದು ಕಿಣ್ವ ನಮ್ಮ ಯಕೃತ್ತಿನಲ್ಲಿದೆ. ಬೆಕ್ಕಿನ ಯಕೃತ್ತಿನಲ್ಲಿ ಅದರ ಕೊರತೆಯಿದೆ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ. ವಿಷ ಹಾಗೆ ಒಳಗೆ ಹೋಗುತ್ತದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಅದೂ ಈ ಕೊರತೆಯಿಂದಲೇ. ಮೇಲಾಗಿ ಫಿನಾಯಿಲ್ ವಾಸನೆಯನ್ನು ತೆಗೆಯುವುದಿಲ್ಲ, ನಮ್ಮ ಮೂಗಿಗೆ ಮುಚ್ಚಿಡುತ್ತದಷ್ಟೆ. ಬೆಕ್ಕು ಅದರ ಅಡಿಯಲ್ಲಿರುವ ತನ್ನ ಗುರುತನ್ನು ಪತ್ತೆಹಚ್ಚಿ ಅಲ್ಲಿಗೇ ಬರುತ್ತದೆ. ಅಮೋನಿಯ ಬೆರೆತ ದ್ರಾವಣವೂ ಬೇಡ, ಅದು ಮೂತ್ರದ ವಾಸನೆಯನ್ನೇ ಹೋಲುತ್ತದೆ. ಬಿಳಿಚುವ ಕ್ಲೋರಿನ್ ಪುಡಿಯೂ ಬೇಡ, ಮೂತ್ರದೊಡನೆ ಸೇರಿ ವಿಷಾನಿಲ ಬರಬಹುದು. ಸಾಬೂನು ನೀರಿನಲ್ಲಿ ತೊಳೆದು, ಕಿಣ್ವಗಳುಳ್ಳ ಮಾರ್ಜಕ ಹಾಕಿ ನೆನೆಯಬಿಡುವುದು ಸರಿಯಾದ ದಾರಿ; ಅದು ವಾಸನೆಯ ಮೂಲವಸ್ತುವನ್ನೇ ಒಡೆಯುತ್ತದೆ.

ಹೊರಡುವಾಗ ಒಂದು ಎಚ್ಚರಿಕೆ ಕೊಟ್ಟರು. ಗಂಡುಬೆಕ್ಕಿನ ಮೂತ್ರನಾಳ ಬಹಳ ಸಪೂರ. ಸುಬ್ಬ ಮತ್ತೆ ಮತ್ತೆ ತಟ್ಟೆಗೆ ಹೋಗಿ ಮುಕ್ಕಿ, ಮರಳು ಒಣಗಿಯೇ ಇದ್ದರೆ, ನಾಳೆ ನೋಡೋಣ ಎನ್ನಬಾರದು. ನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಸಾವು.

ಇನ್ನು ಅಮ್ಮನ ವಿಷಯ. ವೈದ್ಯರು ಕೇಳಿದ ಪ್ರಶ್ನೆಗಳೂ ಹೆಚ್ಚುಕಡಮೆ ಅವೇ. ಎಷ್ಟು ಸಲ, ಎಷ್ಟು, ಉರಿ ಉಂಟೆ, ಈಚೆಗೆ ಏನು ಬದಲಾಯಿತು. ಬಚ್ಚಲು ಎಷ್ಟು ದೂರ ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ. ರಕ್ತದೊತ್ತಡಕ್ಕೆಂದು ಕೊಟ್ಟಿದ್ದ ಮಾತ್ರೆಗಳಲ್ಲಿ ಒಂದು, ಮೈಯ ನೀರನ್ನು ಹೊರಹಾಕುವ ಮಾತ್ರೆ. ಮನೆ ಬದಲಾಯಿಸಿದ ಗಡಿಬಿಡಿಯಲ್ಲಿ ಅದನ್ನು ಬೆಳಗಿನ ಬದಲು ರಾತ್ರಿ ಕೊಡುವ ರೂಢಿ ಬಿದ್ದಿತ್ತು. ಕೊಡುತ್ತಿದ್ದವನು ನಾನೇ! ವೈದ್ಯರು ಅದನ್ನು ಮತ್ತೆ ಬೆಳಗಿಗೆ ಹಾಕಿದರು. ಸಣ್ಣ ಸೋಂಕು ಇತ್ತು, ಔಷಧ ಬರೆದರು. ಶ್ರೋಣಿಯ ಸ್ನಾಯುಗಳನ್ನು ಬಿಗಿದು ಬಿಡುವ ಒಂದು ವ್ಯಾಯಾಮವನ್ನು ಹೇಳಿಕೊಟ್ಟರು. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು 1948ರಲ್ಲಿ ಪ್ರಚುರಪಡಿಸಿದ್ದು. ಕುಳಿತಲ್ಲೇ, ಯಾರಿಗೂ ತಿಳಿಯದಂತೆ ಮಾಡಬಹುದು. ಅಮ್ಮ ಅದನ್ನು ತನ್ನ ಜಪದೊಡನೆ ಸೇರಿಸಿಕೊಂಡಳು. "ವಯಸ್ಸಾಯಿತಲ್ಲ, ಹೀಗೇ ಅಂತ ಸುಮ್ಮನಿದ್ದೆ ಡಾಕ್ಟರೇ" ಎಂದಾಗ ಆ ವೈದ್ಯರು, "ವಯಸ್ಸಾಗಿದೆ ಅಂತ ಸುಮ್ಮನಿರೋದೇ ದೊಡ್ಡ ಕಾಯಿಲೆ ಅಮ್ಮ" ಎಂದರು.

ಆ ಸಂಜೆ ಮನೆಯಾಕೆ ಹೇಳಿದಳು, "ಕೋಣೆ ಬದಲಾಯಿಸಿಕೊಳ್ಳೋಣ." ನನ್ನ ಬೀರುಗಳು ಚಿಕ್ಕ ಕೋಣೆಯಲ್ಲಿ ಹಿಡಿಸುವುದಿಲ್ಲ ಎಂಬುದು ನನಗೆ ಮೊದಲು ತೋಚಿದ ಮಾತು. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಎರಡು ದಿನ ಅದನ್ನೇ ಯೋಚಿಸಿದೆ. ಮೂರನೆಯ ದಿನ ಅರ್ಧದಷ್ಟು ಪುಸ್ತಕಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟೆ. ಅಮ್ಮ ದೊಡ್ಡ ಕೋಣೆಗೆ ಬಂದಳು. ಮಂಚದಿಂದ ಬಚ್ಚಲಿಗೆ ಆರು ಹೆಜ್ಜೆ, ನಡುವೆ ಒಂದು ಮಂದದೀಪ. ಸುಬ್ಬನ ತೆರೆದ ತಟ್ಟೆಗಳಲ್ಲಿ ಒಂದನ್ನು ಅದೇ ಕೋಣೆಯ ಮೂಲೆಯಲ್ಲಿಟ್ಟೆವು, ಅಮ್ಮನೇ ಇಡಿಸಿದಳು. ಹದಿನೈದು ದಿನಗಳಲ್ಲಿ ಹಾಸಿಗೆ ಒಣಗಿತು. ಕಾಲೊರಸು ಒಣಗಲು ಸುಮಾರು ಎರಡು ತಿಂಗಳು ಹಿಡಿಯಿತು. ಬೆಕ್ಕಿನ ನಂಬಿಕೆ ಮರಳಿ ಬರಲು ಮನುಷ್ಯರದಕ್ಕಿಂತ ಹೆಚ್ಚು ಕಾಲ ಬೇಕು. ಪೂರ್ತಿ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ಇಬ್ಬರಿಗೂ ಆಗಾಗ ತಪ್ಪುತ್ತಿತ್ತು. ಬೈಗುಳ ಮಾತ್ರ ನಿಂತಿತು. ಒರೆಸುವ ಬಟ್ಟೆಯನ್ನು ನಾನೂ ಕೈಗೆತ್ತಿಕೊಂಡೆ.

2019ರ ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಬಂದು ನಮ್ಮ ಬಾಗಿಲು ತಟ್ಟಿದಳು. "ಸುಬ್ಬ ಮೂರು ಸಲ ಹೋಗಿ ಕೂತ. ಮರಳು ಮುಟ್ಟಿ ನೋಡಿದೆ, ಒಣಗಿದೆ" ಎಂದಳು. ಪಶುವೈದ್ಯೆ ಹೇಳಿದ್ದ ಎಚ್ಚರಿಕೆ ನೆನಪಾಯಿತು. ಬೆಳಗಾಗುವುದರೊಳಗೆ ಆಸ್ಪತ್ರೆಯಲ್ಲಿ ಸುಬ್ಬನಿಗೆ ನಳಿಕೆ ಹಾಕಿ ಕಟ್ಟಿದ್ದನ್ನು ಬಿಡಿಸಿದರು. ಮೂರು ದಿನವಿದ್ದು ಬಂದ. ಬೆಳಿಗ್ಗೆವರೆಗೆ ಕಾದಿದ್ದರೆ ಏನಾಗುತ್ತಿತ್ತೋ ಎಂದರು. ರಾತ್ರಿಯಲ್ಲಿ ಎದ್ದೆದ್ದು ಹೋಗಬೇಕಾದ ಮುದುಕಿಯೊಬ್ಬಳು ಆ ಕೋಣೆಯಲ್ಲಿ ಇದ್ದುದರಿಂದ ಆ ಪ್ರಾಣ ಉಳಿಯಿತು.

ಅಮ್ಮ 2021ರಲ್ಲಿ ತೀರಿಕೊಂಡಳು. ಆ ತಿಂಗಳು ಸುಬ್ಬ ಮತ್ತೆ ಕಾಲೊರಸಿನ ಮೇಲೆ ಹೊಯ್ದ. ಅವನನ್ನು ಎತ್ತಿಕೊಂಡು ಹೋದಾಗ ಪಶುವೈದ್ಯೆ ಎಂದಿನಂತೆ, "ಮನೆಯಲ್ಲಿ ಏನಾದರೂ ಬದಲಾಯಿತೆ?" ಎಂದು ಕೇಳಿದರು. ಹೇಳಿದೆ. ಆಕೆ ಸುಬ್ಬನ ಬೆನ್ನು ಸವರಿ, ಔಷಧವನ್ನೇನೂ ಬರೆಯಲಿಲ್ಲ. ಸ್ವಲ್ಪ ದಿನ ಕಾಯಿರಿ ಎಂದರು. ಕಾದೆವು. ನಮಗೂ ಅಷ್ಟೇ ದಿನ ಹಿಡಿಯಿತು.

ಕೇಳುಗರೇ, ಸುಬ್ಬನಿಗೆ ಈಗ ಸುಮಾರು 14 ವರ್ಷ. ಹೋದ ತಿಂಗಳು ತಟ್ಟೆಯ ಹೊರಗೆ, ಅಂಚಿಗೆ ತಾಗಿದಂತೆ, ಒದ್ದೆ ಕಾಣಿಸಿತು. ನಾನು ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ. ಸುಬ್ಬ ತಟ್ಟೆಯವರೆಗೆ ಬಂದ, ಮುಂಗಾಲನ್ನು ಎತ್ತಿದ, ಅಂಚಿನ ಎತ್ತರಕ್ಕೆ ಏರಿಸಲಾರದೆ ಇಳಿಸಿದ, ಅಲ್ಲೇ ಕುಳಿತ. ಮುದಿಬೆಕ್ಕಿನ ಕೀಲುಗಳು ನೋಯುತ್ತವೆ ಎಂದು ಪಶುವೈದ್ಯೆ ಮೊದಲೇ ಹೇಳಿದ್ದರು. ಗರಗಸ ತಂದು ತಟ್ಟೆಯ ಮುಂದಿನ ಅಂಚನ್ನು ಎರಡು ಬೆರಳಷ್ಟು ಉಳಿಸಿ ಕೊಯ್ದೆ, ಕೊಯ್ದ ಕಡೆ ಉಜ್ಜಿ ನುಣುಪು ಮಾಡಿದೆ. ನನಗೂ ಈಗ ಎಪ್ಪತ್ತು ದಾಟಿದೆ. ಮಂಡಿಯೂರಿ ಕುಳಿತು ಆ ಕೆಲಸ ಮಾಡಿ ಏಳುವುದಕ್ಕೆ ಮನೆಯಾಕೆ ಕೈಕೊಡಬೇಕಾಯಿತು. ಸುಬ್ಬ ಬಂದು ಮೂಸಿ ನೋಡಿದ. ಒಳಗೆ ಕಾಲಿಟ್ಟ.

(ಬಾನುಲಿ ಭಾಷಣ)